ಸಡಿಲ ತಂತಿ

ಸಡಿಲವಾದ ಎಳೆ ಕಣ್ಣಿಗೆ ಬಿದ್ದರೆ ರಾಧಮ್ಮನ ಕೈ ಸುಮ್ಮನಿರುತ್ತಿರಲಿಲ್ಲ. ಮದುವೆಯಾಗಿ ನನ್ನಿವಾಳದಿಂದ ಮೊಳಕಾಲ್ಮೂರಿಗೆ ಬಂದ ವರ್ಷ ಅತ್ತೆ ಅವಳನ್ನು ಮಗ್ಗದ ಮುಂದೆ ಕೂರಿಸಿ ಹೇಳಿಕೊಟ್ಟ ಮೊದಲ ಪಾಠ ಅದು. ಮಗ್ಗಕ್ಕೆ ಉದ್ದುದ್ದ ಕಟ್ಟಿದ ಹಾಸಿನಲ್ಲಿ ಒಂದೇ ಒಂದು ರೇಷ್ಮೆ ಎಳೆ ಜೋತುಬಿದ್ದರೂ ಸೀರೆ ಮುಗಿಯುವ ಹೊತ್ತಿಗೆ ಅಲ್ಲೊಂದು ಗೀರು ಎದ್ದು ಕಾಣುತ್ತದೆ. ಅತ್ತೆ ಹೋದರು, ಗಂಡನೂ ಹೋದ, ಪಾಠ ಮಾತ್ರ ಬೆರಳಲ್ಲಿ ಉಳಿಯಿತು. ವಯಸ್ಸು ಐವತ್ತೆಂಟಾದ ಮೇಲೂ, ಓಣಿಯಲ್ಲಿ ಯಾರದಾದರೂ ಬಟ್ಟೆ ಒಣಹಾಕುವ ಹಗ್ಗ ಜೋತಾಡುತ್ತಿದ್ದರೆ ನಿಂತು ಅದನ್ನು ಬಿಗಿದೇ ಮುಂದೆ ಹೋಗುತ್ತಿದ್ದಳು.

ಆ ಮನೆಗೆ ಅವಳ ತಮ್ಮ ಓಬಳೇಶ ಬಂದು ಆರು ತಿಂಗಳಾಗಿತ್ತು. ಬೆಂಗಳೂರಿನಿಂದ ಕಾರಿನಲ್ಲಿ ಕರೆತಂದು ಬಿಟ್ಟವನು ಅವನ ಹಳೆಯ ಜೊತೆಗಾರ ಶಶಿಕಾಂತ್. ಒಂದು ಬಟ್ಟೆ ಚೀಲ, ಮಾತ್ರೆಗಳ ಡಬ್ಬಿ, ಬಣ್ಣ ಹೋದ ಒಂದು ಕೆಂಪು ಗಿಟಾರು, ಅದಕ್ಕೆ ಸಿಕ್ಕಿಸುವ ಚಿಕ್ಕ ಸ್ಪೀಕರ್ ಪೆಟ್ಟಿಗೆ, ಅಷ್ಟೇ ಅವನ ಸಾಮಾನು. ಮುಖ ಅರಿಸಿನ ಹಚ್ಚಿದಂತಿತ್ತು. ಕೈಕಾಲು ಸಣಕಲಾಗಿ ಹೊಟ್ಟೆ ಮಾತ್ರ ಉಬ್ಬಿತ್ತು. "ಲಿವರ್ ಅಕ್ಕ," ಎಂದಷ್ಟೇ ಹೇಳಿದ ಶಶಿಕಾಂತ್. ಹೊರಡುವಾಗ ಅವನು ಬಾಗಿಲಲ್ಲಿ ಓಬಳೇಶನ ಚಪ್ಪಲಿಗಳನ್ನು ಕಾಲಿಗೆ ಸುಲಭವಾಗಿ ಸಿಗುವಂತೆ ತಿರುಗಿಸಿ ಇಟ್ಟು ಹೋದದ್ದನ್ನು ರಾಧಮ್ಮ ನೋಡಿದಳು.

ಅವರ ಅಪ್ಪ ಹನುಮಣ್ಣ ನನ್ನಿವಾಳದಲ್ಲಿ ಉರುಮೆ ಬಾರಿಸುತ್ತಿದ್ದವರು. ಆ ವಾದ್ಯದ ಒಂದು ಮುಖಕ್ಕೆ ಕೋಲಿನಿಂದ ಹೊಡೆಯುತ್ತಾರೆ, ಇನ್ನೊಂದು ಮುಖವನ್ನು ಬಾಗಿದ ಕೋಲಿನಿಂದ ಉಜ್ಜುತ್ತಾರೆ. ಉಜ್ಜಿದಾಗ ಅದು ನರಳುತ್ತದೆ. ಆ ಕಡೆ ದೇವರಿಗೆ ಬಿಟ್ಟ ಎತ್ತು ಸತ್ತರೆ ಮನುಷ್ಯರಂತೆಯೇ ಹೂವು ಹೊದಿಸಿ ಮಣ್ಣು ಮಾಡುತ್ತಾರೆ, ಅದರ ಮುಂದೆ ಉರುಮೆ ನಡೆಯುತ್ತದೆ. ಓಬಳೇಶ ಅಕ್ಕನ ಸೊಂಟದ ಮೇಲೆ ಕೂತು ಅಂಥದ್ದೊಂದು ಮೆರವಣಿಗೆ ನೋಡಿದ್ದ. ಆಮೇಲೆ ಮೂರು ದಿನ ಮಾತಾಡಿರಲಿಲ್ಲ.

ಹದಿನಾರಕ್ಕೆ ಅವನು ಚಳ್ಳಕೆರೆಗೆ ಹೋಗಿ ಜಯದೇವಪ್ಪನವರ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಮೂಟೆ ಹೊತ್ತ. ಸಾಹುಕಾರರ ಮಗ ಮಲ್ಲಿಕ್ ಕಾಲೇಜಿನಿಂದ ಒಂದು ಗಿಟಾರನ್ನೂ ಒಂದಷ್ಟು ಕ್ಯಾಸೆಟ್ಟುಗಳನ್ನೂ ತಂದಿಟ್ಟುಕೊಂಡಿದ್ದ. ಅಮೆರಿಕದ ಹತ್ತಿ ಹೊಲಗಳಲ್ಲಿ ಬೆನ್ನು ಮುರಿದು ದುಡಿದ ಕಪ್ಪು ಜನ ಕಟ್ಟಿದ ಹಾಡುಗಳು ಅವು, ಬ್ಲೂಸ್ ಅಂತ ಹೆಸರು. ಆಮೇಲಿನವರು ಅದಕ್ಕೆ ಕರೆಂಟು ಕೊಟ್ಟು, ಡ್ರಮ್ಮು ಸೇರಿಸಿ ಅಬ್ಬರ ಮಾಡಿದ್ದೇ ಬ್ಲೂಸ್ ರಾಕ್. ಮೂಟೆ ಇಳಿಸಿ ಬಂದ ಓಬಳೇಶ ಮಿಲ್ಲಿನ ಹಿಂದೆ ನಿಂತು ಕೇಳುತ್ತಿದ್ದ. ಒಂದು ದಿನ ಮಲ್ಲಿಕ್ ಗಿಟಾರನ್ನು ಅವನ ಕೈಗೇ ಕೊಟ್ಟ. "ನನಗಿದು ಒಲಿಯಲ್ಲ ಕಣೋ. ನಿನ್ ಕೈಯಾಗೆ ಮಾತಾಡ್ತೈತೆ, ಇಟ್ಕೊ." ಆ ವಾರ ಓಬಳೇಶ ಮೊಳಕಾಲ್ಮೂರಿಗೆ ಓಡಿಬಂದು, "ಅಕ್ಕ, ಆ ಕ್ಯಾಸೆಟ್ಟಿನವರ ಗಿಟಾರು ಅಪ್ಪನ ಉರುಮೆ ಥರಾನೇ ಅಳ್ತೈತೆ," ಎಂದಿದ್ದ. ಅವಳಿಗೆ ಅರ್ಥವಾಗಿರಲಿಲ್ಲ. ಕಣ್ಣು ಹೊಳೆಯುತ್ತಿದ್ದುದು ಮಾತ್ರ ನೆನಪಿತ್ತು.

ಆಮೇಲಿನದೆಲ್ಲ ಅವಳಿಗೆ ತುಣುಕು ತುಣುಕಾಗಿ ತಲುಪಿತು. ಮದುವೆ ಮನೆಗಳ ಆರ್ಕೆಸ್ಟ್ರಾ, ಆಮೇಲೆ ಬೆಂಗಳೂರು. ಶಶಿಕಾಂತ್ ಮತ್ತು ಇನ್ನಿಬ್ಬರ ಜೊತೆ ಸೇರಿ 'ಕುರುಚಲು' ಅಂತ ಒಂದು ಬ್ಯಾಂಡು ಕಟ್ಟಿ ಕನ್ನಡದಲ್ಲೇ ಬ್ಲೂಸ್ ಹಾಡಿದರು. ಪಬ್ಬು, ಕಾಲೇಜು, ಮುಂಬಯಿ, ಶಿಲ್ಲಾಂಗ್, ಒಂದು ಸಲ ಜರ್ಮನಿ. ಪತ್ರಿಕೆಯಲ್ಲಿ ಬಂದ ಅವನ ಫೋಟೋಗಳನ್ನು ರಾಧಮ್ಮ ಮಗ್ಗದ ಗೋಡೆಗೆ ಅಂಟಿಸಿದಳು. ಎರಡು ಆಲ್ಬಂ ಬಂದವು. ಪಬ್ಬಿನಲ್ಲಿ ಕೂತವರು ಸಿನಿಮಾ ಹಾಡು ಬಾರಿಸು ಎನ್ನುತ್ತಿದ್ದರು, ಅವನು ಬಾರಿಸುತ್ತಿರಲಿಲ್ಲ, ಬೈಗುಳ ತಿಂದು ಕುಡಿಯುತ್ತಿದ್ದ. ಹಾಡಿದ ಮೇಲೆ ಪುಕ್ಕಟೆ ಸಿಗುತ್ತಿದ್ದ ಕುಡಿತ ಬರಬರುತ್ತಾ ಹಾಡುವ ಮೊದಲೇ ಬೇಕಾಯಿತು. ಡ್ರಮ್ಮಿನವನು ಬಿಟ್ಟ, ಕೀಬೋರ್ಡಿನವನು ಬಿಟ್ಟ. ಹೆಂಡತಿ ನಿರ್ಮಲಾ ಒಂಬತ್ತು ವರ್ಷ ಕಾದು ತವರಿಗೆ ಹೋದಳು. ಹೋದ ಮೇಲೂ ರಾಧಮ್ಮನಿಗೆ ವರ್ಷಕ್ಕೊಮ್ಮೆ ಫೋನು ಮಾಡಿ, ಅವನ ಬಗ್ಗೆ ಒಂದು ಕೆಟ್ಟ ಮಾತೂ ಆಡದೆ, "ಊಟ ಮಾಡ್ತಾರಾ?" ಎಂದಷ್ಟೇ ಕೇಳುತ್ತಿದ್ದಳು. ಕೊನೆಗೆ ಓಬಳೇಶ ಗಿಟಾರು ಮಾರುವ ಅಂಗಡಿಯೊಂದರಲ್ಲಿ, ಕೊಳ್ಳಲು ಬಂದವರಿಗೆ ಬಾರಿಸಿ ತೋರಿಸುವ ಕೆಲಸಕ್ಕಿದ್ದ. ಕೈ ನಡುಗತೊಡಗಿ ಅದೂ ಹೋಯಿತು.

ಅಕ್ಕನ ಮನೆಗೆ ಬಂದ ಮೇಲೆ ಕುಡಿತ ನಿಂತಿತು. ಆಗಲೇ ತಡವಾಗಿತ್ತು.

ಅವಳು ಮಗ್ಗದಲ್ಲಿದ್ದರೆ ಅವನು ಪಕ್ಕದ ಕೋಣೆಯಲ್ಲಿ ಗಿಟಾರು ಹಿಡಿಯುತ್ತಿದ್ದ. ಒಂದೇ ಹಾಡು. ಬ್ಯಾಂಡಿನ ಕಾಲದಲ್ಲಿ ಎಷ್ಟು ಸಲ ಕೂತರೂ ಕೊನೆ ಮುಟ್ಟದೆ ಎಲ್ಲೂ ಹಾಡದೆ ಬಿಟ್ಟಿದ್ದ ಹಾಡು ಅದು, ಎತ್ತಿನದು.

ಹುಲ್ಲಿಟ್ಟೆ ನೀರಿಟ್ಟೆ, ಎತ್ತು ಏಳಲಿಲ್ಲ ಅಪ್ಪ
ಹುಲ್ಲಿಟ್ಟೆ ನೀರಿಟ್ಟೆ, ಎತ್ತು ಏಳಲಿಲ್ಲ ಅಪ್ಪ
ಕಣ್ಣಾಗೆ ನನ್ ನೆಳ್ಳೈತೆ, ಎತ್ತು ನೋಡಲಿಲ್ಲ ಅಪ್ಪ

ಹೀಗೆ ಮೂರು ಮೂರು ಸಾಲಿನ ಮೂರು ನುಡಿ. ನಾಲ್ಕನೆಯ ನುಡಿಗೆ ಮಾತಿರಲಿಲ್ಲ. ಅಲ್ಲಿ ಗಿಟಾರೊಂದೇ ಉರುಮೆಯಾಗಿ ನರಳಬೇಕಿತ್ತು. ಎದುರುಮನೆಯ ಕ್ಯಾತಮ್ಮ ಒಂದು ದಿನ ಕಿಟಕಿಯಲ್ಲಿ ತಲೆ ತೂರಿಸಿದಳು. "ಏಮಪ್ಪಾ ಓಬಳೇಶು, ಜರ್ಮನಿಗೆ ಹೋಗಿ ಕಲ್ತಿದ್ದು ಇದೇನಾ? ಒಂದು ಸಿನಿಮಾ ಹಾಡು ಬಾರ್ಸು ಅಂದ್ರೆ ಎತ್ತು ಜೀವ ಬಿಟ್ಟಂಗೆ ಬಾರಿಸ್ತೀಯಲ್ಲ!"

"ಅಷ್ಟು ತಿಳಿದ್ರೆ ಸಾಕು ಬಿಡಕ್ಕ," ಎಂದ ಅವನು ನಗುತ್ತಾ. "ಬೆಂಗಳೂರಾಗೆ ಇಪ್ಪತ್ತು ವರ್ಷ ಬಾರಿಸಿದ್ರೂ ಯಾರಿಗೂ ತಿಳೀಲಿಲ್ಲ."

ಬೇಸಿಗೆಯ ಹೊತ್ತಿಗೆ ಆ ನಾಲ್ಕನೆಯ ನುಡಿ ಸಿಕ್ಕಿಬಿಟ್ಟಿತು. ಒಂದು ಬೆಳಿಗ್ಗೆ ರಾಧಮ್ಮನ ಕೈಯಲ್ಲಿ ಲಾಳಿ ತಾನಾಗಿ ನಿಂತಿತು. ಪಕ್ಕದ ಕೋಣೆಯಲ್ಲಿ ಅಪ್ಪ ಕೂತಂತಿತ್ತು. ಅವಳು ಎದ್ದು ಹೋಗಿ ನೋಡಿದರೆ ಓಬಳೇಶ ಬೆವರಿನಲ್ಲಿ ತೊಯ್ದು, ಗಿಟಾರಿನ ಮೇಲೆ ಗಲ್ಲವಿಟ್ಟುಕೊಂಡು ಕೂತಿದ್ದ. "ಸಿಕ್ತು ಅಕ್ಕ. ಶಶಿಗೆ ಫೋನ್ ಮಾಡು. ಬಂದು ರೆಕಾರ್ಡ್ ಮಾಡ್ಕೊಳ್ಳಲಿ. ಇದೊಂದು ಉಳಿದ್ರೆ ಸಾಕು ನನಗೆ."

ಶಶಿಕಾಂತ್ ಭಾನುವಾರ ಬರುತ್ತೇನೆಂದ. ಆದರೆ ಗುರುವಾರ ಓಬಳೇಶನ ಹೊಟ್ಟೆ ಬಿಗಿದು ಉಸಿರು ಸಿಕ್ಕಿಕೊಂಡಿತು. ಬಳ್ಳಾರಿಯ ಆಸ್ಪತ್ರೆಗೆ ಸೇರಿಸಿ ಹೊಟ್ಟೆಯ ನೀರು ತೆಗೆಸಬೇಕಾಯಿತು. ಕ್ಯಾತಮ್ಮನ ಗಂಡ ಅಂಜಿನೇಯ ತನ್ನ ಮಗ್ಗ ನಿಲ್ಲಿಸಿ ಜೊತೆಗೆ ಬಂದ. ಶುಕ್ರವಾರ ಅವನೇ, "ನೀನು ಮನೆಗೆ ಹೋಗಿ ಒಂದು ಸ್ನಾನ ಮಾಡ್ಕೊಂಡು ಬಾರಮ್ಮ, ನಾನಿರ್ತೀನಿ," ಎಂದು ಅವಳನ್ನು ಬಸ್ಸು ಹತ್ತಿಸಿದ.

ಮನೆಗೆ ಬಂದ ರಾಧಮ್ಮ ತಮ್ಮನ ಹಾಸಿಗೆ ಕೊಡವಿದಳು, ಗಿಟಾರಿನ ಧೂಳು ಒರೆಸಿದಳು. ಒರೆಸುವಾಗ ಬೆರಳಿಗೆ ತಂತಿಗಳು ತಗುಲಿದವು. ಎಲ್ಲವೂ ಸಡಿಲ. ಒಂದೊಂದೂ ಜೋತುಬಿದ್ದಂತೆ ಅಲ್ಲಾಡಿದವು.

ಆ ಹಾಡಿಗಾಗಿಯೇ ಓಬಳೇಶ ತಂತಿಗಳನ್ನು ಇಳಿಸಿಟ್ಟಿದ್ದ. ಸಡಿಲವಿದ್ದರೆ ತಾನೇ ಅವು ಉರುಮೆಯ ಚರ್ಮದಂತೆ ನರಳುವುದು. ಅದನ್ನು ಅವನು ಅವಳಿಗೆ ಹೇಳಿರಲಿಲ್ಲ, ಅವಳು ಕೇಳಿರಲಿಲ್ಲ. ಬಿಸಿಲಿಗೆ ಸಡಿಲಾಗಿವೆ ಎಂದುಕೊಂಡಳು. ಭಾನುವಾರ ಬೆಳಿಗ್ಗೆ ಇದನ್ನೆಲ್ಲ ಬಿಗಿಯುವ ಶಕ್ತಿ ಅವನಿಗೆಲ್ಲಿ ಬರಬೇಕು? ಅವನು ತಿರುವುವುದನ್ನು ಆರು ತಿಂಗಳು ನೋಡಿದ್ದಳು. ತಂತಿ ಬಿಗಿಯುವ ತುದಿಯ ಕಿವಿಗಳನ್ನು ಒಂದೊಂದಾಗಿ ತಿರುವಿ, ಹಾಸಿನ ಎಳೆಯಂತೆ ಬೆರಳಿನಿಂದ ಮೀಟಿ ಬಿಗಿ ನೋಡಿದಳು. ಮೊದಲ ಎರಡು ಸರಿಯಾದವು. ಮೂರನೆಯದನ್ನು ಇನ್ನೊಂದು ಸುತ್ತು ತಿರುವಿದಾಗ ಅದು ಟಣ್ಣೆಂದು ಹರಿದು ಅವಳ ಮುಂಗೈಗೆ ಬಾರಿಸಿತು.

ಆಮೇಲೆ ತನಗೆ ಗೊತ್ತಿದ್ದ ಕೆಲಸಕ್ಕೆ ಕೈ ಹಾಕಿದಳು. ಹಳೆಯ ಹಾಸು ಮುಗಿದಾಗ ಹೊಸದರ ಒಂದೊಂದು ಎಳೆಯನ್ನೂ ಹಳೆಯದರ ತುದಿಗೆ ಹೊಸೆದು ಸೇರಿಸುತ್ತಾರೆ, ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಸಾವಿರಾರು ಎಳೆಗಳನ್ನು ಒಂದೇ ಪಟ್ಟಿಗೆ ಕೂತು ಕೆಚ್ಚಿದ ಕೈ ಅದು. ತಂತಿ ಹರಿದದ್ದು ಕಿವಿಯ ಬುಡದಲ್ಲಿ. ಪಕ್ಕದ ತಂತಿಯ ತುದಿಯಲ್ಲಿ ಓಬಳೇಶ ಕತ್ತರಿಸದೆ ಬಿಟ್ಟಿದ್ದ ಬಾಲ ಸುರುಳಿಯಾಗಿತ್ತು. ಅದರಲ್ಲೊಂದು ಗೇಣು ತುಂಡರಿಸಿ, ಬೆರಳಿಗೆ ಬೂದಿ ಹಚ್ಚಿಕೊಂಡು, ಹಲ್ಲಿನಲ್ಲಿ ಕಚ್ಚಿ ಎಳೆದು ಸೇರಿಸಿದಳು. ಉಕ್ಕು ರೇಷ್ಮೆಯಂತೆ ಒಂದರೊಳಗೊಂದು ಹೊಸೆಯಲಿಲ್ಲ. ಗಂಟು ಹಾಕಿದಳು. ಗಂಟು ಮೇಲಿನ ತುದಿಯಲ್ಲಿ, ಕಿವಿಯ ನೆರಳಲ್ಲಿ ಉಳಿಯಿತು. ಇನ್ನೊಂದು ಹರಿದೀತೆಂದು ಎಲ್ಲ ತಂತಿಗಳನ್ನೂ ಅಂದಾಜಿನಲ್ಲಿ ಮತ್ತೆ ಸಡಿಲಿಸಿಟ್ಟಳು.

ಗಂಟನ್ನು ನಂಬಿ ಅವಳು ಸುಮ್ಮನಾಗಲಿಲ್ಲ. ಹರಿದ ಚೂರನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಬಳ್ಳಾರಿಯಲ್ಲಿ ತೋರಿಸಿ ಇಂಥದ್ದೇ ಒಂದು ತಂದು, ಅವನ ಕೈಗೆ ಕೊಟ್ಟು, ನಡೆದದ್ದನ್ನು ಹೇಳಿಬಿಡಬೇಕು ಎಂದು ಬಸ್ಸಿನುದ್ದಕ್ಕೂ ಅಂದುಕೊಂಡಳು.

ಶನಿವಾರ ಮಧ್ಯಾಹ್ನ ಆಸ್ಪತ್ರೆಯಿಂದ ಬಿಟ್ಟರು. ಬಿಡುವ ಮೊದಲು ಹೆಂಗಸು ಡಾಕ್ಟರೊಬ್ಬರು ರಾಧಮ್ಮನನ್ನು ಹೊರಗೆ ಕರೆದರು. ಹರೆಯದ ಹುಡುಗಿ, ಅವಳ ಕಣ್ಣೂ ನಿದ್ದೆಯಿಲ್ಲದೆ ಕೆಂಪಾಗಿತ್ತು. ತಾನು ಕೂತಿದ್ದ ಕುರ್ಚಿ ಬಿಟ್ಟುಕೊಟ್ಟು, ರಾಧಮ್ಮ ಕೂತ ಮೇಲೆಯೇ ಹೇಳಿದಳು. "ಇನ್ನು ಕೆಲವೇ ದಿನ ಅಮ್ಮ. ರಕ್ತ ವಾಂತಿಯಾದರೆ ನಮ್ಮ ಕೈಯಲ್ಲಿ ಏನೂ ಇರಲ್ಲ. ಅವರಿಗೆ ಏನಿಷ್ಟವೋ ಅದು ಮಾಡಲಿ."

ಆಮೇಲೆ ಅಂಜಿನೇಯ ಕಾರು ಗೊತ್ತುಮಾಡಿ ತಂದದ್ದು, ತಮ್ಮನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದ್ದು, ಯಾವುದೂ ಅವಳಿಗೆ ಸರಿಯಾಗಿ ನೆನಪಿರಲಿಲ್ಲ. ರಾಂಪುರ ದಾಟಿದ ಮೇಲೆ ಸೆರಗು ಸರಿಪಡಿಸಿಕೊಳ್ಳಲು ಹೋದಾಗ ತಂತಿಯ ಚೂರು ಅಂಗೈಗೆ ಚುಚ್ಚಿತು. ಹೊಸದನ್ನು ಕೊಳ್ಳುವುದು ಮರೆತೇಹೋಗಿತ್ತು. ಬಾಯಿ ತೆರೆದಳು. ತೊಡೆಯ ಮೇಲಿದ್ದ ತಮ್ಮನ ತಲೆ ಕಾದ ಕಲ್ಲಿನಂತಿತ್ತು. ಕಾರು ತಿರುಗಿಸಿ ಎಂದು ಹೇಳುವ ಧೈರ್ಯ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಓಬಳೇಶ ಗೋಡೆಗೊರಗಿ ಕೂತು ಗಿಟಾರು ತೊಡೆಗೇರಿಸಿಕೊಂಡ. ರಾಧಮ್ಮ ಅಡುಗೆಕೋಣೆಯ ಬಾಗಿಲಲ್ಲಿದ್ದಳು. ಅವನ ಹೆಬ್ಬೆರಳು ತಂತಿಗಳ ಮೇಲೆ ಹರಿದು, ಮೇಲಿನ ತುದಿಯಲ್ಲಿ ನಿಂತಿತು. ಅಲ್ಲೇ ಒಂದೆರಡು ಸಲ ಸವರಿತು. ಅವಳು ಒಲೆಯ ಕಡೆ ತಿರುಗಿದಳು.

"ಅಕ್ಕ, ಒಂಚೂರು ಟೀ ಮಾಡ್ತೀಯಾ?" ಎಂದ ಅವನು. ಗೋಡೆ ಹಿಡಿದುಕೊಂಡು, ಫೋನು ತೆಗೆದುಕೊಂಡು ಜಗುಲಿಗೆ ಹೋದ. ಬಂದವನು ಮತ್ತೇನೂ ಹೇಳದೆ ಶ್ರುತಿ ಮಾಡತೊಡಗಿದ.

ಶಶಿಕಾಂತ್ ಹತ್ತು ಗಂಟೆಗೆ ಬಂದ. ಮೈಕು ನಿಲ್ಲಿಸಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, "ಅಕ್ಕಾ, ಮಗ್ಗದ ಸದ್ದು ತುಂಬಾ ಬರ್ತಿದೆ," ಎಂದ. ಓಣಿಯಲ್ಲಿ ಹದಿನಾಲ್ಕು ಮಗ್ಗಗಳಿದ್ದವು, ಬಹುಪಾಲು ಮೂಲೆಮನೆಯ ಗಂಗಾಂಬಿಕಾ ಅವರವು. ಆಯಮ್ಮ ಸ್ವತಃ ಕೋಲೂರಿಕೊಂಡು ಮನೆಮನೆಗೆ ಹೋದರು. "ಒಂದು ತಾಸು ನಿಲ್ಲಿಸ್ರಮ್ಮ. ರಾಧಮ್ಮನ ತಮ್ಮ ಹಾಡ್ತಾನೆ." ಒಂದೊಂದಾಗಿ ಮಗ್ಗಗಳು ನಿಂತವು. ಆ ಓಣಿ ಹಗಲಿನಲ್ಲಿ ಅಷ್ಟು ಮೌನವಾದದ್ದನ್ನು ರಾಧಮ್ಮ ಸಾವಾದ ದಿನಗಳಲ್ಲಿ ಮಾತ್ರ ಕಂಡಿದ್ದಳು. ಬಾಗಿಲಲ್ಲಿ ಕ್ಯಾತಮ್ಮ, ಅಂಜಿನೇಯ, ಇನ್ನೂ ಕೆಲವರು ಚಪ್ಪಲಿ ಬಿಟ್ಟು ಬಂದು ನಿಂತರು.

"ಒಂದೇ ಸಲ ಆಗೋದು ಕಣೋ ಶಶಿ," ಎಂದ ಓಬಳೇಶ. "ಎರಡನೇ ಸಲಕ್ಕೆ ಉಸಿರಿಲ್ಲ."

ಹಾಡಿದ. ದನಿ ಸವೆದಿತ್ತು, ಹಾಡಿಗೆ ಅದೇ ಹೊಂದುತ್ತಿತ್ತು. ಮೊದಲ ನುಡಿ, ಎರಡನೆಯದು. ನಡುಗುತ್ತಿದ್ದ ಕೈ ತಂತಿ ಮುಟ್ಟಿದ್ದೇ ತಡ ನಡುಗುವುದನ್ನು ನಿಲ್ಲಿಸಿತ್ತು. ಮೂರನೆಯ ನುಡಿಯಲ್ಲಿ, ಎತ್ತಿನ ಮೇಲೆ ಅಪ್ಪ ಮಣ್ಣು ಎಳೆಯುವ ಸಾಲು ಬಂದಾಗ ಅಂಜಿನೇಯ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಸಡಿಲ ತಂತಿಗೆ ಭಾರ ಬಿದ್ದಿರಲಿಲ್ಲ, ಗಂಟು ಹಿಡಿದಿತ್ತು. ರಾಧಮ್ಮ ಒಂದು ಕೈಯಿಂದ ಇನ್ನೊಂದು ಕೈಯನ್ನು ಹಿಸುಕಿಕೊಂಡು, ಹಿಡಿದುಕೋ ತಾಯಿ, ಹಿಡಿದುಕೋ, ಎಂದು ಯಾವ ದೇವರಿಗೆಂದು ಗೊತ್ತಿಲ್ಲದೆ ಬೇಡುತ್ತಿದ್ದಳು.

ನಾಲ್ಕನೆಯದು ಬಂತು. ಅವನು ಕಣ್ಣು ಮುಚ್ಚಿದ. ಮೂರನೆಯ ತಂತಿಯನ್ನು ಎರಡು ಬೆರಳಿನಿಂದ ಮೇಲಕ್ಕೆ ಎಳೆದ. ಗಿಟಾರಿನೊಳಗಿಂದ ಮೊದಲ ನರಳಿಕೆ ಎದ್ದಿತು, ಬಾಗಿಲಲ್ಲಿದ್ದ ಒಬ್ಬ ಮುದುಕ ಬೆಚ್ಚಿ ತಲೆಯೆತ್ತಿದ. ಇನ್ನೂ ಮೇಲಕ್ಕೆ ಎಳೆದ. ಗಂಟು ಜಾರಿ ತಂತಿ ಎಗರಿತು.

"ಹಳೇ ತಂತಿ," ಎಂದ ಓಬಳೇಶ ಎಲ್ಲರಿಗೂ ಕೇಳುವಂತೆ. "ನಾನೇ ಗಂಟು ಹಾಕಿದ್ದೆ, ಹೋದ ವಾರ. ಸೋಮಾರಿತನ." ಅಕ್ಕನ ಕಡೆ ಅವನು ನೋಡಲಿಲ್ಲ. ಉಳಿದ ಐದು ತಂತಿಗಳಲ್ಲಿ ಆ ನರಳಿಕೆಯನ್ನು ಹುಡುಕಿದ. ಒಂದು ಸಲ, ಇನ್ನೊಂದು ಸಲ. ಕೈ ಮತ್ತೆ ನಡುಗಲು ಶುರುವಾಗಿತ್ತು. ಗಿಟಾರನ್ನು ಪಕ್ಕಕ್ಕಿಟ್ಟು ಗೋಡೆಗೆ ತಲೆಯಾನಿಸಿದ.

"ಮುಂದಿನ ಭಾನುವಾರ ಹೊಸ ತಂತಿ ತರ್ತೀನಿ," ಎಂದ ಶಶಿಕಾಂತ್.

"ಬಾ. ಎಲ್ಲಿಗೆ ಹೋಗ್ತೀನಿ ನಾನು."

ಗುರುವಾರ ಮಧ್ಯಾಹ್ನ, ಅವಳು ಗಂಜಿ ಆರಿಸುತ್ತಿದ್ದಾಗ ಅವನಿಗೆ ರಕ್ತ ವಾಂತಿಯಾಯಿತು. ಎರಡನೆಯ ಸಲದ್ದಕ್ಕೆ ತಟ್ಟೆ ಹಿಡಿಯುವಷ್ಟರಲ್ಲಿ ಮುಗಿದಿತ್ತು. ನನ್ನಿವಾಳದಲ್ಲಿ ಅಪ್ಪನ ಪಕ್ಕದಲ್ಲೇ ಮಣ್ಣು ಮಾಡಿದರು. ಹನುಮಣ್ಣ ಹೋದ ಮೇಲೆ ಅವರ ಓಣಿಯಲ್ಲಿ ಉರುಮೆ ಉಜ್ಜುವವರು ಉಳಿದಿರಲಿಲ್ಲ. ತಮಟೆಯವರಿಬ್ಬರು ಬಂದರು. ನಿರ್ಮಲಾ ಬಂದು, ಒಂದು ಹಿಡಿ ಮಣ್ಣು ಹಾಕಿ, ರಾಧಮ್ಮನ ಬೆನ್ನು ಸವರಿ ಹೋದಳು.

ಭಾನುವಾರ ಶಶಿಕಾಂತ್ ಬಂದ. ಬರುತ್ತೇನೆಂದು ಹೇಳಿದ್ದಕ್ಕೇ ಬಂದಂತಿತ್ತು. ಜೇಬಿನಲ್ಲಿ ತಂತಿಗಳ ಹೊಸ ಪೊಟ್ಟಣವಿತ್ತು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ಕೂತ.

ರಾಧಮ್ಮ ಸೆರಗಿನ ಗಂಟು ಬಿಚ್ಚಿ ತಂತಿಯ ಚೂರನ್ನು ಅವನ ಮುಂದಿಟ್ಟಳು. "ತಂತಿ ಹರಿದಿದ್ದು ನಾನಪ್ಪ. ಸಡಿಲಾಗೈತೆ ಅಂತ ಬಿಗಿದೆ. ಗಂಟು ಹಾಕಿದ್ದೂ ನಾನೇ. ಅವನ ಹಾಡು ಹೋಗಿದ್ದು ನನ್ನಿಂದ."

"ಗೊತ್ತು ಅಕ್ಕ."

"ಏನು ಗೊತ್ತು?"

"ಅವತ್ತು ಬೆಳಿಗ್ಗೆ ಫೋನ್ ಮಾಡಿದ್ದ. ತಂತಿ ಇದ್ರೆ ತಗೊಂಡು ಬಾ ಅಂದ. ನಾನಾಗಲೇ ಹಿರಿಯೂರು ದಾಟಿ ಬಂದಿದ್ದೆ, ಚಳ್ಳಕೆರೆಯಲ್ಲಿ ಎರಡು ಕಡೆ ಕೇಳಿದೆ, ಸಿಗಲಿಲ್ಲ." ಅವನು ತಲೆ ತಗ್ಗಿಸಿದ. "'ಅಕ್ಕನ ಮುಂದೆ ಮಾತ್ರ ಎತ್ತಬೇಡ ಕಣೋ, ಪಾಪ, ಒಳ್ಳೇದಾಗ್ಲಿ ಅಂತ ಮಾಡಿರ್ತಾಳೆ' ಅಂದ."

ರಾಧಮ್ಮ ನೆಲದ ಮೇಲಿದ್ದ ಚೂರನ್ನು ಬೆರಳಿನಿಂದ ನೇರ ಮಾಡುತ್ತಾ ಕೂತಳು. ಅದು ಮತ್ತೆ ಮತ್ತೆ ಸುರುಳಿಯಾಯಿತು.

"ಬೇರೆ ಯಾರಾದ್ರೂ ಒಬ್ಬ ಒಳ್ಳೇ ಗಿಟಾರಿಸ್ಟ್ ಹತ್ರ ಕೊನೇದನ್ನ ಬಾರಿಸಿ ಸೇರಿಸಬಹುದು ಅಕ್ಕ," ಎಂದ ಶಶಿಕಾಂತ್. "ಕಂಪ್ಯೂಟರಲ್ಲಿ ಸೇರಿಸಿದ್ರೆ ಜಾಯಿಂಟ್ ಯಾರಿಗೂ ಗೊತ್ತಾಗಲ್ಲ. ಆದರೆ ಹೇಗಿತ್ತು ಅಂತ ಗೊತ್ತಿರಬೇಕಲ್ಲ. ಪೂರ್ತಿ ಕೇಳಿದವರು ಯಾರಿದ್ದಾರೆ?"

"ನಾನೊಬ್ಬಳೇ."

"ಒಂಚೂರು ಗುನುಗಿ ತೋರಿಸ್ತೀರಾ? ಬರೀ ದನಿ ಸಾಕು."

ಅವಳು ಬಾಯಿ ತೆರೆದಳು. ಅದು ಒಳಗೆ ಪೂರ್ತಿಯಾಗಿ ಇತ್ತು, ಎಲ್ಲಿ ಏಳುತ್ತದೆ, ಎಲ್ಲಿ ಉಸಿರು ಬಿಡುತ್ತದೆ, ಎಲ್ಲವೂ. ಗಂಟಲಿಗೆ ಬಂದದ್ದು ಗಾಳಿ ಮಾತ್ರ. ಮತ್ತೊಮ್ಮೆ ಪ್ರಯತ್ನಿಸಿದಳು. "ಅಪ್ಪನ ಉರುಮೆ ಇದ್ದಂಗೇ ಇತ್ತಪ್ಪ," ಎಂದಳು ಕೊನೆಗೆ. "ಅಷ್ಟೇ ಹೇಳಾಕೆ ಬರ್ತೈತೆ ನನಗೆ."

"ಹಾಗಾದ್ರೆ ಏನು ಮಾಡಲಿ?"

"ಕೆಚ್ಚಬೇಡ. ಹರಿದಲ್ಲಿಗೇ ಬಿಡು."

ಶಶಿಕಾಂತ್ ಒಪ್ಪಿದ. ಅವಳು ಕೇಳಿದಳೆಂದು ಹೆಡ್‌ಫೋನನ್ನು ಅವಳ ಕಿವಿಗೆ ಹಾಕಿ, ತಲೆಗೂದಲು ಸಿಕ್ಕದಂತೆ ಸರಿಸಿ, ಹಾಡು ಹಚ್ಚಿದ. ಮೂರು ನುಡಿಗಳೂ ಆದವು. ನಾಲ್ಕನೆಯದು ಒಮ್ಮೆ ನರಳಿ, ಟಣ್ಣೆಂದಿತು. ಆಮೇಲೆ, 'ನಾನೇ ಗಂಟು ಹಾಕಿದ್ದೆ' ಎಂಬ ಅವನ ದನಿ. ಐದು ತಂತಿಗಳ ತಡಕಾಟ. ಗಿಟಾರು ನೆಲಕ್ಕಿಟ್ಟ ಸದ್ದು. ರೆಕಾರ್ಡಿಂಗ್ ನಿಲ್ಲಿಸುವುದನ್ನು ಶಶಿಕಾಂತ್ ಮರೆತಿದ್ದ. ಮುಂದಿನ ಭಾನುವಾರದ ಮಾತು, ಮತ್ತೆ ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಹಾಡು ಮುಗಿಯಿತೆಂದುಕೊಂಡು ಓಣಿಯ ಕೊನೆಯಲ್ಲಿ ಯಾರೋ ಮಗ್ಗ ಶುರು ಮಾಡಿದ್ದು ಕೇಳಿಸಿತು. ಕ್ಯಾತಮ್ಮ ಬಾಗಿಲಿನಿಂದ, "ಏಯ್, ನಿಲ್ಸೇ!" ಎಂದು ಕೂಗಿದಳು.

"ಬಿಡಕ್ಕ," ಎಂದಿತು ಓಬಳೇಶನ ದನಿ, ಸುಸ್ತಾಗಿ, ದೂರದಿಂದ. "ಅವರ ಕೆಲ್ಸ ಅವರು ಮಾಡ್ಲಿ."